ಯಾರು ಹೇಳಿಕೊಟ್ಟಿದ್ದು?

ಮಕ್ಕಳು ಬಾಯಿಬಿಟ್ಟು ಏನಾದರೂ ಕೇಳಿದರೆ ಸಾಕು, ದೊಡ್ಡವರಿಗೆ ಬರುವ ಮೊದಲ ಅನುಮಾನ ಒಂದೇ: ಇವರಿಗೆ ಯಾರೋ ಹೇಳಿಕೊಟ್ಟಿದ್ದಾರೆ! ಸರ್ಕಾರಿ ಹೈಸ್ಕೂಲಿನಲ್ಲಿ ಹೆಡ್‌ಮಿಸ್ ಆಗಿ ರಿಟೈರಾದವಳು ನಾನು. ಈ ಮಾತನ್ನು ಎಷ್ಟು ಜನರ ಬಾಯಲ್ಲಿ ಕೇಳಿದ್ದೇನೋ ಲೆಕ್ಕವಿಲ್ಲ. ಮಗಳ ಮನೆಗೆಂದು ಅಮೆರಿಕಕ್ಕೆ ಬಂದಾಗ, ಇಲ್ಲೂ ಒಂದು ಊರಲ್ಲಿ ಎಪ್ಪತ್ತು ವರ್ಷದ ಹಿಂದೆ ಇದೇ ಮಾತು ಓಡಾಡಿತ್ತು ಅಂತ ಗೊತ್ತಾಯಿತು. ಆ ಕಥೆ ನಿಮಗೂ ಹೇಳಬೇಕು ಅನ್ನಿಸಿತು.

ಮಗಳು ಇರುವುದು ವರ್ಜೀನಿಯಾ ರಾಜ್ಯದ ರಿಚ್ಮಂಡ್‌ನಲ್ಲಿ. ಅಲ್ಲಿಂದ ಪಶ್ಚಿಮಕ್ಕೆ ಕಾರಿನಲ್ಲಿ ಒಂದೂಕಾಲು ಗಂಟೆ ಹೋದರೆ ಫಾರ್ಮ್‌ವಿಲ್ ಅಂತ ಪುಟ್ಟ ಊರು. ಪ್ರಿನ್ಸ್ ಎಡ್ವರ್ಡ್ ಕೌಂಟಿಯ ಕೇಂದ್ರ ಅದು, ನಮ್ಮ ಲೆಕ್ಕದಲ್ಲಿ ತಾಲ್ಲೂಕು ಕೇಂದ್ರ ಅಂದುಕೊಳ್ಳಿ. ಒಂದು ಕಾಲಕ್ಕೆ ಸುತ್ತಲೂ ತಂಬಾಕು ಬೆಳೆಯುತ್ತಿದ್ದ ಸೀಮೆ. ಅಲ್ಲಿನ ಹಳೇ ಹೈಸ್ಕೂಲು ಈಗ ಮ್ಯೂಸಿಯಂ. "ಅತ್ತೆ, ಬೆಟ್ಟ ಸಮುದ್ರ ಎಲ್ಲಾ ನೋಡಿದ್ರಲ್ಲ, ಈಗ ನಿಮಗೆ ಒಂದು ಸ್ಕೂಲು ತೋರಿಸ್ತೀನಿ ಬನ್ನಿ" ಅಂತ ಅಳಿಯಂದಿರು ಕರೆದುಕೊಂಡು ಹೋದರು.

ಕಪ್ಪು ಮಕ್ಕಳು ಬಿಳಿಯರ ಶಾಲೆಗೆ ಕಾಲಿಟ್ಟ ಕಥೆ ಅಂದರೆ ನಮ್ಮಲ್ಲಿ ಓದುವವರಿಗೆ ನೆನಪಾಗುವುದು ರೂಬಿ ಬ್ರಿಜಸ್. 1960ರ ನವೆಂಬರ್, ನ್ಯೂ ಆರ್ಲಿಯನ್ಸ್ ನಗರ, ಆರು ವರ್ಷದ ಹುಡುಗಿ. ಮಾರ್ಷಲ್‌ಗಳ ಕಾವಲಲ್ಲಿ, ಕೂಗಾಡುವ ಜನರ ನಡುವೆ ಶಾಲೆಗೆ ನಡೆದವಳು. ಎಂಥಾ ಎದೆಗಾರಿಕೆ ಅಂತ ನನಗೂ ಕಣ್ಣು ತುಂಬುತ್ತದೆ. ಆದರೆ ಅಲ್ಲಿ ತೀರ್ಮಾನ ಮಾಡಿದವರು ದೊಡ್ಡವರು, ನಡೆದದ್ದು ಮಗು. ಫಾರ್ಮ್‌ವಿಲ್‌ನಲ್ಲಿ ಅದಕ್ಕೂ ಒಂಬತ್ತು ವರ್ಷ ಮೊದಲು ಆದದ್ದು ತಿರುಗಾಮುರುಗಾ. ತೀರ್ಮಾನ ಮಾಡಿದ್ದು ಹದಿನಾರು ವರ್ಷದ ಹುಡುಗಿ. ದೊಡ್ಡವರು ಹಿಂದೆ ಬಂದರು. ಅವಳ ಹೆಸರು ಬಾರ್ಬರಾ ಜಾನ್ಸ್.

ಮೊದಲು ಶಾಲೆಯ ವಿಷಯ ಹೇಳಿಬಿಡ್ತೀನಿ. ನನಗೆ ಅದು ಜಾಸ್ತಿ ಅರ್ಥವಾಗುತ್ತದೆ.

ಆಗ ವರ್ಜೀನಿಯಾದಲ್ಲಿ ಕಪ್ಪು ಮಕ್ಕಳಿಗೊಂದು ಶಾಲೆ, ಬಿಳಿ ಮಕ್ಕಳಿಗೊಂದು ಶಾಲೆ. ಅದು ಕಾನೂನು. ಬೇರೆ ಬೇರೆ ಇದ್ದರೂ ಸಮಾನವಾಗಿದ್ದರೆ ಸಾಕು ಅಂತ 1896ರಲ್ಲೇ ಅಲ್ಲಿನ ಸುಪ್ರೀಂ ಕೋರ್ಟು ಹೇಳಿಬಿಟ್ಟಿತ್ತು. ಫಾರ್ಮ್‌ವಿಲ್‌ನ ಕಪ್ಪು ಮಕ್ಕಳ ಹೈಸ್ಕೂಲಿನ ಹೆಸರು ಮೋಟನ್ ಹೈಸ್ಕೂಲು. 1939ರಲ್ಲಿ 180 ಮಕ್ಕಳಿಗೆ ಅಂತ ಕಟ್ಟಿದ ಇಟ್ಟಿಗೆ ಕಟ್ಟಡ. 1951ರ ಹೊತ್ತಿಗೆ ಅದರಲ್ಲಿ 450ಕ್ಕೂ ಹೆಚ್ಚು ಮಕ್ಕಳು. ಹೀಗಂದರೆ ಏನು ಅಂತ ನನಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ಸಭಾಂಗಣದಲ್ಲೇ ಒಂದೇ ಹೊತ್ತಿಗೆ ಎರಡು ಮೂರು ಕ್ಲಾಸು. ಒಂದು ಮೂಲೆಯಲ್ಲಿ ಇತಿಹಾಸ, ಇನ್ನೊಂದು ಮೂಲೆಯಲ್ಲಿ ಇಂಗ್ಲಿಷು. ಜಾಗ ಸಾಲದೆ ಸ್ಕೂಲ್ ಬಸ್ಸಿನೊಳಗೂ ಪಾಠ ಮಾಡಿದ್ದುಂಟು.

ಅದೂ ಸಾಲದಾದಾಗ ಆಡಳಿತದವರು ಹೊಸ ಕಟ್ಟಡ ಕಟ್ಟಲಿಲ್ಲ. ಪಕ್ಕದ ಬಯಲಿನಲ್ಲಿ ಶೆಡ್ಡುಗಳನ್ನು ಎಬ್ಬಿಸಿದರು. ಮರದ ಚೌಕಟ್ಟು, ಅದಕ್ಕೆ ಡಾಂಬರು ಬಳಿದ ದಪ್ಪ ಕಾಗದದ ಹೊದಿಕೆ. ದಾರಿಹೋಕರು ಇದನ್ನು ಕೋಳಿ ಫಾರಂ ಅಂದುಕೊಳ್ಳುತ್ತಿದ್ದರಂತೆ. ಮಳೆ ಬಂದರೆ ಸೋರುವುದು. ಮಕ್ಕಳು ಒಳಗೆ ಕೊಡೆ ಬಿಡಿಸಿ ಕೂತು ನೋಟ್ಸ್ ಬರೆದುಕೊಂಡಿದ್ದನ್ನು ಅಲ್ಲಿ ಓದಿದವರೇ ಹೇಳಿದ್ದಾರೆ. ಚಳಿಗಾಲಕ್ಕೆ ಒಂದೊಂದು ಶೆಡ್ಡಿಗೆ ಒಂದು ಕಲ್ಲಿದ್ದಲ ಒಲೆ. ಒಲೆಯ ಪಕ್ಕದಲ್ಲಿ ಕೂತವರಿಗೆ ಬೆವರು, ದೂರ ಕೂತವರು ಕೋಟು ಬಿಚ್ಚುವಂತಿಲ್ಲ. ಪಾಠದ ಮಧ್ಯೆ ಮೇಷ್ಟ್ರು ಎದ್ದು ಹೋಗಿ ಒಲೆ ಕೆದಕಬೇಕು. ಜಿಮ್ ಇಲ್ಲ, ಊಟದ ಹಾಲ್ ಇಲ್ಲ, ಸೈನ್ಸ್ ಲ್ಯಾಬ್ ಇಲ್ಲ. ಅದೇ ಊರಿನ ಬಿಳಿ ಮಕ್ಕಳ ಹೈಸ್ಕೂಲಿನಲ್ಲಿ ಇವೆಲ್ಲಾ ಇದ್ದವು. ಆ ಶಾಲೆಯವರು ಓಡಿಸಿ ಹಳೆಯದಾದ ಬಸ್ಸು ಈ ಶಾಲೆಗೆ.

ಪೋಷಕರು ಸುಮ್ನೆ ಕೂತಿರಲಿಲ್ಲ. ಪ್ರಿನ್ಸಿಪಾಲ್ ಬಾಯ್ಡ್ ಜೋನ್ಸ್, ಚರ್ಚಿನ ಪಾದ್ರಿ ಫ್ರಾನ್ಸಿಸ್ ಗ್ರಿಫಿನ್ ಎಲ್ಲಾ ಸೇರಿ ಸ್ಕೂಲ್ ಬೋರ್ಡಿಗೆ ಅಲೆದರು. ಪ್ರತಿ ಸಲವೂ ಜಾಗ ನೋಡ್ತಿದ್ದೀವಿ, ದುಡ್ಡು ಹೊಂದಿಸ್ತಿದ್ದೀವಿ ಅನ್ನುವ ಉತ್ತರ. ಕೊನೆಗೆ ನೀವು ಮೀಟಿಂಗಿಗೆ ಬರುವುದೇ ಬೇಡ, ಏನಾದರೂ ಆದರೆ ನಾವೇ ತಿಳಿಸ್ತೀವಿ ಅಂದರು. ಫೈಲು ಓಡಾಡಿಸುವ ಈ ಕಲೆ ನಮ್ಮವರ ಸ್ವತ್ತು ಅಂದುಕೊಂಡಿದ್ದೆ!

ಬಾರ್ಬರಾ ಈ ಶಾಲೆಯ ಹನ್ನೊಂದನೇ ತರಗತಿ ಹುಡುಗಿ. ಮಾತು ಕಡಿಮೆ, ಓದು ಜಾಸ್ತಿ. ಊರಾಚೆ ಡಾರ್ಲಿಂಗ್‌ಟನ್ ಹೈಟ್ಸ್‌ನಲ್ಲಿ ಅವರ ಹೊಲಮನೆ. ದೊಡ್ಡ ಮಗಳಾದ್ದರಿಂದ ತಮ್ಮ ತಂಗಿಯರನ್ನು ರೆಡಿ ಮಾಡಿ ಬಸ್ಸಿಗೆ ಕಳಿಸುವ ಕೆಲಸ ಅವಳದೇ. ಒಂದು ಬೆಳಗ್ಗೆ ಎಲ್ಲರನ್ನೂ ಅವಸರಪಡಿಸಿ ಬಸ್ ಸ್ಟಾಪಿಗೆ ಕರೆತಂದಳು. ನೋಡಿದರೆ ತನ್ನ ಬುತ್ತಿಯನ್ನೇ ಮರೆತಿದ್ದಾಳೆ. ಗುಡ್ಡ ಹತ್ತಿ ಮನೆಗೆ ಓಡಿ ಬರುವಷ್ಟರಲ್ಲಿ ಬಸ್ಸು ಹೋಗಿತ್ತು. ಯಾರದಾದರೂ ಗಾಡಿ ಸಿಗಬಹುದು ಅಂತ ರಸ್ತೆ ಬದಿ ನಿಂತಳು. ಒಂದು ಗಂಟೆ ಆಯಿತು. ಆಗ ಬಿಳಿ ಮಕ್ಕಳ ಸ್ಕೂಲ್ ಬಸ್ಸು ಬಂತು. ಅರ್ಧಕ್ಕರ್ಧ ಖಾಲಿ. ಅವಳ ಶಾಲೆಯ ದಾರಿಯಲ್ಲೇ ಹೋಗಬೇಕಾದ ಬಸ್ಸು. ಅವಳ ಮುಂದೆಯೇ ಹಾದು ಹೋಯಿತು. ನಿಲ್ಲಲಿಲ್ಲ, ನಿಲ್ಲುವಂತೆಯೂ ಇರಲಿಲ್ಲ. ಅವತ್ತು ರಾತ್ರಿ ಹಾಸಿಗೆಯಲ್ಲಿ ಮಲಗಿ ಮುಷ್ಕರದ ಯೋಚನೆ ಮಾಡಿದೆ ಅಂತ ಆಮೇಲೆ ಬರೆದಿಟ್ಟಿದ್ದಾಳೆ.

ಮ್ಯೂಸಿಯಂನಲ್ಲಿ ನಾನು ಜಾಸ್ತಿ ಹೊತ್ತು ಯೋಚನೆ ಮಾಡಿದ್ದು ಸಂಗೀತದ ಟೀಚರ್ ಬಗ್ಗೆ. ಐನೆಜ್ ಡೇವನ್‌ಪೋರ್ಟ್ ಅಂತ. ಬಾರ್ಬರಾ ಒಂದು ದಿನ ಅವರ ಹತ್ತಿರ ಹೋಗಿ ಗೋಳು ತೋಡಿಕೊಂಡಳು. ನಮ್ಮ ಶಾಲೆ ಹೀಗಿದೆ, ಅವರ ಶಾಲೆ ಹಾಗಿದೆ ಅಂತ. ಟೀಚರ್ ಸಮಾಧಾನ ಹೇಳಲಿಲ್ಲ. ಅದಕ್ಕೆ ನೀನೇ ಏನಾದರೂ ಮಾಡಬಾರದೇನು ಅಂದರು, ಅಷ್ಟೇ. ನನ್ನನ್ನು ಯಾಕೆ ಹೀಗೆ ಗದರಿಸಿದರು ಅಂತ ಹುಡುಗಿಗೆ ಮೊದಲು ಬೇಜಾರಾಯಿತಂತೆ. ಆಮೇಲೆ ಅದೇ ಮಾತು ತಲೆಯಲ್ಲಿ ಕೂತಿತು. ಇದನ್ನು ಹೇಳಿಕೊಟ್ಟಿದ್ದು ಅನ್ನಬೇಕೋ ಬೇಡವೋ? ನನ್ನ ಪ್ರಕಾರ ಅಲ್ಲ. ಆ ಮಾತನ್ನು ನಾವು ಟೀಚರುಗಳು ದಿನಕ್ಕೆ ಹತ್ತು ಮಕ್ಕಳಿಗೆ ಹೇಳ್ತೀವಿ. ಹತ್ತರಲ್ಲಿ ಒಂಬತ್ತು ಮಕ್ಕಳು ಸಂಜೆಗೆ ಮರೆಯುತ್ತಾರೆ.

ಬಾರ್ಬರಾ ಮರೆಯಲಿಲ್ಲ. ಆಟದ ಮೈದಾನದ ಕಟ್ಟೆಯ ಮೇಲೆ ನಂಬಿಕಸ್ಥ ಗೆಳೆಯರನ್ನು ಸೇರಿಸಿದಳು. ವಿದ್ಯಾರ್ಥಿ ಸಂಘದ ಅಧ್ಯಕ್ಷೆ ಕ್ಯಾರಿ ಸ್ಟೋಕ್ಸ್, ಅವಳ ಅವಳಿ ಸೋದರ ಜಾನ್ ಸ್ಟೋಕ್ಸ್ ಆ ಗುಂಪಿನಲ್ಲಿದ್ದರು. ತಿಂಗಳುಗಟ್ಟಲೆ ಗುಟ್ಟಾಗಿ ತಯಾರಿ ನಡೆಯಿತು. ಮನೆಯವರಿಗೂ ಗೊತ್ತಿಲ್ಲ, ಟೀಚರುಗಳಿಗೂ ಗೊತ್ತಿಲ್ಲ. ಹೈಸ್ಕೂಲು ಮಕ್ಕಳ ಬಾಯಲ್ಲಿ ಒಂದು ಗುಟ್ಟು ಇಷ್ಟು ದಿನ ನಿಂತಿತು ಅನ್ನುವುದೇ ನನಗೆ ದೊಡ್ಡ ಪವಾಡ.

1951ರ ಏಪ್ರಿಲ್ 23. ಬೆಳಗ್ಗೆ ಹನ್ನೊಂದರ ಸುಮಾರಿಗೆ ಪ್ರಿನ್ಸಿಪಾಲರ ಆಫೀಸಿಗೆ ಫೋನು ಬಂತು. ನಿಮ್ಮ ಇಬ್ಬರು ವಿದ್ಯಾರ್ಥಿಗಳು ಬಸ್ ನಿಲ್ದಾಣದಲ್ಲಿದ್ದಾರೆ, ಪೊಲೀಸರ ಕೈಗೆ ಸಿಕ್ಕಿಕೊಳ್ಳೋ ಹಾಗಿದೆ, ಬೇಗ ಬನ್ನಿ ಅಂತ. ಪಾಪ, ಜೋನ್ಸ್ ಓಡಿದರು. ಫೋನು ಮಾಡಿದ್ದು ಮಕ್ಕಳೇ. ಅವರು ಅತ್ತ ಹೋಗುತ್ತಲೇ ಇತ್ತ ಕ್ಲಾಸು ಕ್ಲಾಸಿಗೆ ಚೀಟಿ ಹೋಯಿತು. ತಕ್ಷಣ ಸಭಾಂಗಣದಲ್ಲಿ ಸೇರಿ, ಪ್ರಿನ್ಸಿಪಾಲರ ಆದೇಶ. ಚೀಟಿ ಬರೆದದ್ದೂ ಬಾರ್ಬರಾಳೇ. ಬಾಯ್ಡ್ ಜೋನ್ಸ್, ಬಾರ್ಬರಾ ಜಾನ್ಸ್, ಇಬ್ಬರ ಇನಿಷಿಯಲ್ಲೂ ಒಂದೇ, ಗಮನಿಸಿದಿರಾ? ನಮ್ಮಲ್ಲಾದರೆ ಇಷ್ಟು ಸಲೀಸಲ್ಲ. ಮೆಮೊ ಬುಕ್ಕು ಹಿಡಿದು ಅಟೆಂಡರೇ ಬರಬೇಕು, ಪ್ರತಿಯೊಬ್ಬರೂ ಸಹಿ ಹಾಕಬೇಕು.

ಎಲ್ಲರೂ ಬಂದು ಕೂತರು. ಪರದೆ ಸರಿಯಿತು. ವೇದಿಕೆ ಮೇಲೆ ಪ್ರಿನ್ಸಿಪಾಲರಿಲ್ಲ, ಬಾರ್ಬರಾ ಮತ್ತು ಅವಳ ಗೆಳೆಯರಿದ್ದಾರೆ. ಅವಳ ತಂಗಿ ಜೋನ್ ಕೆಳಗೆ ಮಕ್ಕಳ ನಡುವೆ ಕೂತಿದ್ದಳು. ಅಕ್ಕನನ್ನು ಅಲ್ಲಿ ಕಂಡು ಅವಳಿಗೇ ಗಾಬರಿ. ಬಾರ್ಬರಾ ಮೊದಲು ಟೀಚರುಗಳಿಗೆ ಹೊರಗೆ ಹೋಗಿ ಅಂದಳು. ಕೆಲವರು ಗೊಣಗಿದರು. ಕಾಲಿನ ಶೂ ಬಿಚ್ಚಿ ಬೆಂಚಿನ ಮೇಲೆ ಪಟಪಟ ಕುಟ್ಟಿದಳು. ಮಾತು ಕಡಿಮೆ ಅನ್ನಿಸಿಕೊಂಡ ಹುಡುಗಿ! ಆಮೇಲೆ ಮಾತಾಡಿದಳು. ನಮ್ಮ ಅಪ್ಪ ಅಮ್ಮ ಕೇಳಿ ಕೇಳಿ ಸಾಕಾಗಿದ್ದಾರೆ, ಈಗ ನಾವು ಎದ್ದು ಹೊರಗೆ ನಡೆಯೋಣ, ಹೊಸ ಶಾಲೆ ಕೊಡುವ ತನಕ ಒಳಗೆ ಬರೋದು ಬೇಡ. ಜೈಲಿಗೆ ಹಾಕಿದರೆ ಏನು ಮಾಡೋದು ಅನ್ನುವ ಮಾತೂ ಬಂತು. ನಮ್ಮನ್ನೆಲ್ಲಾ ತುಂಬುವಷ್ಟು ದೊಡ್ಡ ಜೈಲು ಫಾರ್ಮ್‌ವಿಲ್‌ನಲ್ಲಿ ಇಲ್ಲ ಅನ್ನುವ ಉತ್ತರವೂ ಬಂತಂತೆ. ಅಷ್ಟರಲ್ಲಿ ಪ್ರಿನ್ಸಿಪಾಲರು ವಾಪಸ್ ಬಂದರು. ಹೀಗೆ ಮಾಡಬೇಡಿ, ಕ್ಲಾಸಿಗೆ ಹೋಗಿ ಅಂತ ಬೇಡಿಕೊಂಡರು. ಯಾರೂ ಕೇಳಲಿಲ್ಲ. ಮೊದಲೇ ಮಾಡಿಟ್ಟ ಫಲಕಗಳನ್ನು ಹಿಡಿದು 450 ಮಕ್ಕಳು ಹೊರಗೆ ನಡೆದರು.

ಆ ಸಭಾಂಗಣದಲ್ಲಿ ನಿಂತು ನಾನು ಯೋಚಿಸಿದ್ದು ಜೋನ್ಸ್ ಅವರ ಬಗ್ಗೆ. ಮಕ್ಕಳು ಅವರಿಗೆ ಸುಳ್ಳು ಹೇಳಿ ಹೊರಗೆ ಕಳಿಸಿದ್ದು ತಮಾಷೆಗಲ್ಲ. ಅವರು ಅಲ್ಲಿದ್ದರೆ ತಡೆಯಬೇಕಾಗುತ್ತಿತ್ತು. ತಡೆಯದೆ ಇದ್ದರೆ ಕೆಲಸ ಹೋಗುತ್ತಿತ್ತು. ಅವರಿಗೆ ಗೊತ್ತೇ ಇರಲಿಲ್ಲ ಅನ್ನುವುದಕ್ಕೆ ಊರಿಗೆಲ್ಲಾ ಸಾಕ್ಷಿ ಬೇಕಿತ್ತು. ಟೀಚರುಗಳನ್ನು ಹೊರಗೆ ಕಳಿಸಿದ್ದೂ ಅದಕ್ಕೇ. ದೊಡ್ಡವರನ್ನು ಕಾಪಾಡುವ ಯೋಚನೆಯನ್ನು ಆ ಮಕ್ಕಳು ಮೊದಲೇ ಮಾಡಿದ್ದರು.

ಆದರೆ ನಂಬುವವರು ಯಾರು? ಕೌಂಟಿಯ ಬಿಳಿ ಅಧಿಕಾರಿಗಳಿಗೆ ಹದಿನಾರರ ಹುಡುಗಿ ಇಷ್ಟೆಲ್ಲಾ ಮಾಡಿದ್ದಾಳೆ ಅಂದರೆ ತಲೆಗೇ ಹೋಗಲಿಲ್ಲ. ಇದರ ಹಿಂದೆ ಪ್ರಿನ್ಸಿಪಾಲರೇ ಇರಬೇಕು ಅಂತ ತೀರ್ಮಾನ ಮಾಡಿಕೊಂಡರು. ಆ ಬೇಸಿಗೆಯಲ್ಲೇ ಜೋನ್ಸ್ ಅವರ ಕೆಲಸ ಹೋಯಿತು. ಆ ಸಂಗೀತದ ಟೀಚರ್ ಮುಂದೆ ಅವರನ್ನೇ ಮದುವೆಯಾದರು.

ನನ್ನ ಸರ್ವಿಸಿನಲ್ಲೂ ಇಂಥದ್ದೊಂದು ಆಗಿತ್ತು, ಇದಕ್ಕೆ ಹೋಲಿಸಿದರೆ ಏನೇನೂ ಅಲ್ಲ. ಹೆಣ್ಣುಮಕ್ಕಳ ಶೌಚಾಲಯಕ್ಕೆ ನೀರಿಲ್ಲ ಅಂತ ಒಂಬತ್ತನೇ ಕ್ಲಾಸಿನ ಹುಡುಗಿಯರು ಪ್ರಾರ್ಥನೆ ಮುಗಿದ ಮೇಲೆ ಅಂಗಳದಲ್ಲೇ ಕೂತರು. ಒಳಗೆ ಬರಲ್ಲ ಅಂದರು. ವಿಷಯ ಮೇಲಿನವರಿಗೆ ಮುಟ್ಟಿತು. ಜೀಪು ಬಂತು. ಬಂದವರು ಟ್ಯಾಂಕು ನೋಡಲಿಲ್ಲ, ಪೈಪು ನೋಡಲಿಲ್ಲ. ನನ್ನ ಮುಖ ನೋಡಿ "ಮೇಡಂ, ನಿಮ್ಮ ಸ್ಟಾಫಿನಲ್ಲಿ ಯಾರು ಹೇಳಿಕೊಟ್ಟಿದ್ದು?" ಅಂದರು. ಯಾರೂ ಇಲ್ಲ ಸಾರ್, ಅವರಿಗೇ ಕಷ್ಟ ಆಗಿದೆ ಅಂದೆ. ನಂಬಲಿಲ್ಲ. ಇಬ್ಬರು ಟೀಚರುಗಳ ಹೆಸರು ಬರೆದುಕೊಂಡು ಹೋದರು. ನೀರು ಬಂತು ಅನ್ನಿ, ಟೀಚರುಗಳಿಗೆ ನೋಟಿಸು ಬಂದ ಮೇಲೆ.

ಮತ್ತೆ ಫಾರ್ಮ್‌ವಿಲ್‌ಗೆ ಬರೋಣ. ಬಾರ್ಬರಾ ಮತ್ತು ಕ್ಯಾರಿ ಕಪ್ಪು ಜನರ ಹಕ್ಕಿಗಾಗಿ ಹೋರಾಡುವ ಎನ್‌ಎಎಸಿಪಿ ಸಂಘಟನೆಯ ರಿಚ್ಮಂಡ್ ವಕೀಲರಿಗೆ ಪತ್ರ ಬರೆದರು. ಆಲಿವರ್ ಹಿಲ್, ಸ್ಪಾಟ್ಸ್‌ವುಡ್ ರಾಬಿನ್ಸನ್ ಅಂತ ಇಬ್ಬರು ವಕೀಲರು ಬಂದರು. ಮಕ್ಕಳಿಗೆ ಬುದ್ಧಿ ಹೇಳಿ ಶಾಲೆಗೆ ವಾಪಸ್ ಕಳಿಸುವ ಅಂತಲೇ ಅವರು ಬಂದದ್ದು. ಚರ್ಚಿನಲ್ಲಿ ಮಕ್ಕಳನ್ನು ನೋಡಿ ಅವರ ಮನಸ್ಸೇ ಬದಲಾಯಿತು. ಆದರೆ ಒಂದು ಷರತ್ತು ಹಾಕಿದರು. ಹೊಸ ಕಟ್ಟಡ ಕೊಡಿ ಅಂತ ಕೇಸು ಹಾಕೋದಿಲ್ಲ. ಬಿಳಿಯರಿಗೊಂದು ಕಪ್ಪು ಜನರಿಗೊಂದು ಅನ್ನುವ ಪದ್ಧತಿಯೇ ಬೇಡ ಅಂತ ಕೇಳುವುದಾದರೆ ಬರ್ತೀವಿ. ನೀವು ತಯಾರಿದ್ದೀರಾ, ನಿಮ್ಮ ಅಪ್ಪ ಅಮ್ಮ ತಯಾರಿದ್ದಾರಾ?

ಇಲ್ಲಿ ನೀವು ಪೋಷಕರ ಜಾಗದಲ್ಲಿ ನಿಂತು ನೋಡಬೇಕು. ಸೋರದ ಮಾಡು ಕೇಳಲು ಹೊರಟವರು ಅವರು. ಊರಿನ ಬಿಳಿ ಸಾಹುಕಾರರ ಹತ್ತಿರ ಕೆಲಸ, ಬ್ಯಾಂಕಿನಲ್ಲಿ ಸಾಲ, ಅಂಗಡಿಯಲ್ಲಿ ಉದ್ರಿ. ಮೇ 3ರಂದು ಗ್ರಿಫಿನ್ ಅವರ ಚರ್ಚಿನಲ್ಲಿ ದೊಡ್ಡ ಸಭೆ. ಇದೇ ಶಾಲೆಯಲ್ಲಿ ಹಿಂದೆ ಪ್ರಿನ್ಸಿಪಾಲರಾಗಿದ್ದ ಪರ್ವಾಲ್ ಎದ್ದು ನಿಂತರು. ಹೊಸ ಕಟ್ಟಡ ಬೇಕು ಅಂತ ಸಹಿ ಹಾಕಿದ್ದೆ, ಇದು ಬೇರೆಯೇ ವಿಷಯವಾಯಿತಲ್ಲ ಅಂದರು. ಸಭೆ ತಣ್ಣಗಾಯಿತು. ಆಗ ಬಾರ್ಬರಾ ಎದ್ದಳು. ಬಿಳಿ ಯಜಮಾನರ ಮಾತೂ ಕೇಳಬೇಡಿ, ಅವರಿಗೆ ತಲೆಯಾಡಿಸುವವರ ಮಾತೂ ಕೇಳಬೇಡಿ ಅಂತ ಹೇಳಿ, ಪರ್ವಾಲ್ ಅವರ ಹೆಸರನ್ನೂ ಅದೇ ಸಾಲಿಗೆ ಸೇರಿಸಿಬಿಟ್ಟಳು. ನಿಮ್ಮನ್ನೇ ನಂಬಿಕೊಂಡಿದ್ದೀವಿ ಅಂದಳು. ರಿಟೈರಾದ ಹೆಡ್‌ಮಿಸ್ ಆಗಿ ಇದನ್ನು ಓದುವಾಗ ನನಗೆ ಸ್ವಲ್ಪ ಚುರುಕ್ ಅಂತು. ಪರ್ವಾಲ್ ಕೆಟ್ಟವರೇನಲ್ಲ. ಪಾಪ, ಹೆದರಿದ್ದರು. ಆದರೆ ಹುಡುಗಿ ಹೇಳಿದ್ದೇ ಸರಿ ಅಂತ ಸಭೆ ಒಪ್ಪಿತು.

ಮುಷ್ಕರ ಎರಡು ವಾರ ನಡೆದು ಮೇ 7ಕ್ಕೆ ಮಕ್ಕಳು ಕ್ಲಾಸಿಗೆ ಮರಳಿದರು. ಮೇ 23ಕ್ಕೆ ಕೇಸು ದಾಖಲಾಯಿತು. 117 ಮಕ್ಕಳ ಹೆಸರಿದ್ದ ಕೇಸು. ಪಟ್ಟಿಯಲ್ಲಿ ಮೊದಲ ಹೆಸರು ಡೊರೊತಿ ಡೇವಿಸ್ ಅನ್ನುವ ಹದಿನಾಲ್ಕು ವರ್ಷದ ಹುಡುಗಿಯದು. ಅದಕ್ಕೇ ಇವತ್ತಿಗೂ ಅದು ಡೇವಿಸ್ ಕೇಸು. ಕೆಳಗಿನ ಕೋರ್ಟಿನಲ್ಲಿ 1952ರಲ್ಲಿ ಸೋತರು. ಸುಪ್ರೀಂ ಕೋರ್ಟಿನಲ್ಲಿ ಇಂಥ ಐದು ಕೇಸುಗಳು ಒಟ್ಟಿಗೆ ಸೇರಿದವು. 1954ರ ಮೇ 17ರಂದು ಬಂದ ಪ್ರಸಿದ್ಧ ಬ್ರೌನ್ ತೀರ್ಪು ಅದೇ. ಶಾಲೆಗಳಲ್ಲಿ ಬಣ್ಣ ನೋಡಿ ಬೇರೆ ಮಾಡುವುದು ಸಂವಿಧಾನಕ್ಕೆ ವಿರುದ್ಧ ಅಂತ ಹೇಳಿದ ತೀರ್ಪು. ಐದರಲ್ಲಿ ವಿದ್ಯಾರ್ಥಿಗಳೇ ಎದ್ದು ನಿಂತು ಶುರುಮಾಡಿದ್ದು ಫಾರ್ಮ್‌ವಿಲ್‌ನದು ಮಾತ್ರ.

ತೀರ್ಪು ಬಂದಾಗ ಬಾರ್ಬರಾ ಆ ಊರಲ್ಲಿ ಇರಲಿಲ್ಲ. ಮುಷ್ಕರದ ಬೆನ್ನಿಗೇ ಶಾಲೆಯ ಅಂಗಳದಲ್ಲಿ ಯಾರೋ ಶಿಲುಬೆ ಸುಟ್ಟಿದ್ದರು. ಅಲ್ಲಿ ಅದರ ಅರ್ಥ ಜೀವ ಬೆದರಿಕೆ. ಅಪ್ಪ ಅಮ್ಮ ಮಗಳನ್ನು ದೂರದ ಅಲಬಾಮಾದ ಮಾಂಟ್‌ಗಮರಿಗೆ, ದೊಡ್ಡಪ್ಪ ವರ್ನನ್ ಜಾನ್ಸ್ ಅವರ ಮನೆಗೆ ಕಳಿಸಿಬಿಟ್ಟರು. ವರ್ನನ್ ಅಲ್ಲಿನ ಡೆಕ್ಸ್ಟರ್ ಅವೆನ್ಯೂ ಚರ್ಚಿನ ಪಾದ್ರಿ. ಅವರು ಬಿಟ್ಟ ಮೇಲೆ ಆ ಚರ್ಚಿಗೆ ಬಂದ ಎಳೆಯ ಪಾದ್ರಿ ಮಾರ್ಟಿನ್ ಲೂಥರ್ ಕಿಂಗ್. 1955ರಲ್ಲಿ ಬಾರ್ಬರಾಳ ತವರು ಮನೆ ಸುಟ್ಟು ಬೂದಿಯಾಯಿತು.

ಇಲ್ಲಿಗೆ ಕಥೆ ಮುಗಿಯಿತು ಅಂದುಕೊಂಡಿದ್ದೆ. ಮುಂದಿನ ಕೋಣೆಯಲ್ಲಿ ಇದ್ದದ್ದು ನೋಡಿ ಕಾಲು ನಿಂತೇಹೋಯಿತು. ಕೋರ್ಟು ಎಲ್ಲಾ ಮಕ್ಕಳನ್ನೂ ಒಟ್ಟಿಗೆ ಕೂರಿಸಿ ಅಂತ ಗಡುವು ಕೊಟ್ಟಾಗ ಪ್ರಿನ್ಸ್ ಎಡ್ವರ್ಡ್ ಕೌಂಟಿ ಏನು ಮಾಡಿತು ಗೊತ್ತಾ? 1959ರಲ್ಲಿ ಸರ್ಕಾರಿ ಶಾಲೆಗಳಿಗೆ ಒಂದು ಕಾಸೂ ಕೊಡಲ್ಲ ಅಂತ ನಿರ್ಣಯ ಮಾಡಿತು. ಎಲ್ಲಾ ಸರ್ಕಾರಿ ಶಾಲೆಗೂ ಬೀಗ. ಬಿಳಿ ಮಕ್ಕಳಿಗೆ ತಕ್ಷಣ ಖಾಸಗಿ ಶಾಲೆ ಎದ್ದಿತು. ಸುಮಾರು 1,700 ಕಪ್ಪು ಮಕ್ಕಳಿಗೆ ಏನೂ ಇಲ್ಲ. ಒಂದು ವರ್ಷ ಅಲ್ಲ, ಐದು ವರ್ಷ. 1964ರ ತನಕ.

ಐದು ವರ್ಷ ಅಂದರೆ ಒಂದನೇ ಕ್ಲಾಸಿಗೆ ಸೇರಬೇಕಾದ ಮಗು ಹನ್ನೊಂದು ವರ್ಷಕ್ಕೆ ಸ್ಲೇಟು ಹಿಡಿಯುತ್ತದೆ. ಎಂಟನೇ ಕ್ಲಾಸಿನವರು ಮತ್ತೆ ಬರುವುದೇ ಇಲ್ಲ. ಹೊಲಕ್ಕೆ, ಗರಗಸದ ಮಿಲ್ಲಿಗೆ, ಮನೆಗೆಲಸಕ್ಕೆ ಹೋಗಿರುತ್ತಾರೆ. ಗ್ರಿಫಿನ್ ಪಾದ್ರಿ ಕೆಲವು ದೊಡ್ಡ ಮಕ್ಕಳನ್ನು ಪಕ್ಕದ ರಾಜ್ಯದ ಕಿಟ್ರೆಲ್ ಕಾಲೇಜಿಗೆ ಸೇರಿಸಿದರು. ಕ್ವೇಕರ್ ಅನ್ನುವ ಕ್ರೈಸ್ತ ಪಂಥದವರು ಕೆಲವರನ್ನು ಬೇರೆ ರಾಜ್ಯಗಳ ಮನೆಗಳಲ್ಲಿ ಇರಿಸಿ ಓದಿಸಿದರು. ಚರ್ಚಿನ ನೆಲಮಾಳಿಗೆಗಳಲ್ಲಿ ಹೆಂಗಸರು ಅಕ್ಷರ ತಿದ್ದಿಸಿದರು. ಉಳಿದವರು ಉಳಿದೇಹೋದರು. 1963ರಲ್ಲಿ ದೇಣಿಗೆ ದುಡ್ಡಿನಿಂದ ಒಂದು ವರ್ಷದ ಮಟ್ಟಿಗೆ ಉಚಿತ ಶಾಲೆಗಳು ತೆರೆದವು. ಬೆರಳೆಣಿಕೆಯ ಬಿಳಿ ಮಕ್ಕಳೂ ಅಲ್ಲಿಗೆ ಬಂದರು. ಮರುವರ್ಷ ಗ್ರಿಫಿನ್ ಅವರ ಮಕ್ಕಳ ಹೆಸರಿನ ಕೇಸಿನಲ್ಲಿ ಸುಪ್ರೀಂ ಕೋರ್ಟು ಬೀಗ ತೆಗೆಸಿತು.

ವಾಪಸ್ ಬರುವಾಗ ಕಾರಿನಲ್ಲಿ ಮಗಳು ಒಂದು ಮಾತು ಅಂದಳು. "ಅಮ್ಮ, ಆ ಹುಡುಗಿ ಸುಮ್ನೆ ಇದ್ದಿದ್ರೆ ಈ ಮಕ್ಕಳ ಐದು ವರ್ಷ ಉಳೀತಿತ್ತೇನೋ." ನನಗೆ ಸಿಟ್ಟು ಬಂತು. ಅವಳ ಮೇಲಲ್ಲ, ಆ ಲೆಕ್ಕದ ಮೇಲೆ. ಬೀಗ ಹಾಕಿದವರು ಯಾರು? ಕೈ ಎತ್ತಿ ನಿರ್ಣಯ ಮಾಡಿದ ಕೌಂಟಿಯ ಸದಸ್ಯರು. ಹುಡುಗಿ ಕೇಳಿದ್ದು ಶಾಲೆ. ಇನ್ನೊಂದು ವಿಷಯ, ಕೇಸು ನಡೆಯುತ್ತಿದ್ದಾಗಲೇ, 1953ರಲ್ಲಿ, ಕೌಂಟಿಯವರು ಗಡಿಬಿಡಿಯಲ್ಲಿ ಕಪ್ಪು ಮಕ್ಕಳಿಗೆ ಹೊಸ ಹೈಸ್ಕೂಲು ಕಟ್ಟಿಸಿಬಿಟ್ಟರು. ವರ್ಷಗಟ್ಟಲೆ ದುಡ್ಡಿಲ್ಲ ಅಂದವರು! ಮುಷ್ಕರ ಆಗದಿದ್ದರೆ ಅದೂ ಇಲ್ಲ. ಮಗಳು ಒಪ್ಪಿದಳೋ ಇಲ್ಲವೋ ಗೊತ್ತಿಲ್ಲ, ರೇಡಿಯೋ ಹಾಕಿದಳು.

ಬಾರ್ಬರಾ ಮುಂದೆ ಭಾಷಣ ಮಾಡಿಕೊಂಡು ಓಡಾಡಲಿಲ್ಲ. ಮದುವೆಯಾಗಿ ಐದು ಮಕ್ಕಳ ತಾಯಿಯಾಗಿ ಫಿಲಡೆಲ್ಫಿಯಾದಲ್ಲಿ ಲೈಬ್ರೇರಿಯನ್ ಆಗಿದ್ದಳು. 1991ರಲ್ಲಿ ತೀರಿಕೊಂಡಳು. ವಾಷಿಂಗ್ಟನ್‌ನ ಸಂಸತ್ ಭವನದಲ್ಲಿ ಪ್ರತಿ ರಾಜ್ಯದ ಇಬ್ಬರ ಪ್ರತಿಮೆ ಇಡುತ್ತಾರೆ. ವರ್ಜೀನಿಯಾ ಕಡೆಯಿಂದ ಇದ್ದ ಇಬ್ಬರಲ್ಲಿ ಒಬ್ಬರು ಗುಲಾಮಗಿರಿ ಉಳಿಸಲು ಹೊರಟ ರಾಜ್ಯಗಳ ಸೇನಾಪತಿ ರಾಬರ್ಟ್ ಲೀ. 2020ರ ಡಿಸೆಂಬರಿನಲ್ಲಿ ಅದನ್ನು ತೆಗೆದರು. ಆ ಜಾಗಕ್ಕೆ ಬಾರ್ಬರಾಳನ್ನು ಆರಿಸಿದರು. 2025ರ ಡಿಸೆಂಬರಿನಲ್ಲಿ ಪ್ರತಿಮೆ ಅನಾವರಣವಾಯಿತು. ತಲೆಯ ಮೇಲೆ ಎತ್ತಿ ಹಿಡಿದ ಕೈಯಲ್ಲಿ ಒಂದು ಹರಿದ ಪುಸ್ತಕ. ನನ್ನನ್ನು ಕೇಳಿದ್ದರೆ ಶೂ ಕೊಡಿ ಅನ್ನುತ್ತಿದ್ದೆ.

ಹೀಗೆ ಶಾಲೆ ತಪ್ಪಿಹೋದವರಿಗೆ ವರ್ಜೀನಿಯಾ ಸರ್ಕಾರ 2004ರಲ್ಲಿ ವಿದ್ಯಾರ್ಥಿವೇತನ ತಂದಿತು. ಆಗ ಅವರೆಲ್ಲಾ ಐವತ್ತರ ಆಸುಪಾಸು, ಕೆಲವರು ಅರವತ್ತು ದಾಟಿದವರು. ಅರ್ಧಕ್ಕೆ ನಿಂತಿದ್ದ ಓದಿಗೆ ಮತ್ತೆ ಹೆಸರು ಬರೆಸಿದರು.

ಎಂಟನೇ ಕ್ಲಾಸಿನ ಮೊಮ್ಮಗಳಿಗೆ ಇವೆಲ್ಲಕ್ಕಿಂತ ಆ ಚೀಟಿಯ ವಿಷಯವೇ ಇಷ್ಟವಾಗಿದೆ. "ಅಜ್ಜಿ, ನಿಮ್ಮ ಸ್ಕೂಲಲ್ಲಿ ಯಾರಾದ್ರೂ ನಿಮ್ಮ ಹೆಸರಲ್ಲಿ ಚೀಟಿ ಕಳಿಸಿದ್ರೆ ಏನ್ ಮಾಡ್ತಿದ್ರಿ?" ಅಂತ ರಾತ್ರಿ ಊಟಕ್ಕೆ ಕೂತಾಗ ಕೇಳಿದಳು. ಅಪ್ಪ ಅಮ್ಮನನ್ನು ಕರೆಸ್ತಿದ್ದೆ ಅಂದೆ. "ಅಷ್ಟೇನಾ?" ಅಂದಳು. ಮೊದಲು ಚೀಟಿ ಓದ್ತಿದ್ದೆ ಕಣೇ, ಅದರಲ್ಲಿ ಏನು ಬರೆದಿದೆ ಅಂತ ನೋಡಬೇಕಲ್ಲ ಅಂದೆ. ಅವಳು ತನ್ನ ಸ್ಕೂಲಿನ ಕ್ಯಾಂಟೀನ್ ಪಿಜ್ಜಾ ಬಗ್ಗೆ ಒಂದು ಮನವಿ ಬರೆಯುತ್ತಿದ್ದಾಳಂತೆ. ನಾನು ಹೇಳಿಕೊಟ್ಟಿದ್ದಲ್ಲ, ಅವಳ ಅಮ್ಮನಿಗೆ ಮೊದಲೇ ತಿಳಿಸಿದ್ದೇನೆ.